ಮಹದೇವಮ್ಮನ ಮೇಲೆ ಬಂದ ದೂರುಗಳು

ನಾನು ನಿಂತಿದ್ದದ್ದು ಹಾಲಿನ ಡೈರಿಯ ಜಗಲಿಯ ಮೇಲೆ, ಬಾಗಿಲಿನ ಎಡಗಡೆಯ ಕಂಬಕ್ಕೆ ಬೆನ್ನು ತಾಗುವಷ್ಟು ಹತ್ತಿರ. ಊರು ನಂಜನಗೂಡು ತಾಲ್ಲೂಕಿನದು, ಹದಿನಾರು ಎಂಬ ಊರಿನಿಂದ ಜೀಪಿನಲ್ಲಿ ಕಾಲು ಗಂಟೆಯ ದಾರಿ. ತೊಂಬತ್ತರ ದಶಕದ ಕೊನೆಯ ವರ್ಷಗಳು, ಶ್ರಾವಣದ ಒಂದು ಬುಧವಾರ. ತಾರೀಖು ನೆನಪಿಲ್ಲ, ನೆನಪಿಲ್ಲದ್ದನ್ನು ಬರೆಯುವುದಿಲ್ಲ. ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಬೆಳಗಿನ ಹಾಲು ಅಳೆದು ಮುಗಿದು ನೆಲ ತೊಳೆದಿದ್ದರಿಂದ ಚಪ್ಪಡಿ ಕಲ್ಲು ಇನ್ನೂ ಒದ್ದೆಯಾಗಿತ್ತು. ನನ್ನ ಹೆಗಲಿನ ಚೀಲದಲ್ಲಿ ಹದಿಮೂರು ಹೆಂಗಸರನ್ನು ಕೆಲಸದಿಂದ ತೆಗೆಯುವ ಹದಿಮೂರು ಪತ್ರಗಳಿದ್ದವು. ಹದಿನಾಲ್ಕನೆಯದು ನನ್ನಿಂದ ಏಳು ಹೆಜ್ಜೆ ದೂರದಲ್ಲಿ, ಮೆಟ್ಟಿಲ ಮೇಲೆ ಕುಳಿತಿದ್ದ ಮಹದೇವಮ್ಮನ ಕೈಯಲ್ಲಿತ್ತು. ಎಲ್ಲದರಲ್ಲೂ ನನ್ನದೇ ಸಹಿ.

ಅಂದು ಅಲ್ಲಿ ನಡೆದದ್ದನ್ನು ಬಾಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಬರೆಯುವಾಗ ಮಾತ್ರ ನಗಿಸುವ ಅವಸರದಲ್ಲಿ ಏನಾದರೂ ಬಿಟ್ಟುಹೋದೀತು. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಯಾರಿಂದ ಕೇಳಿದೆ ಎಂದೂ ಹೇಳುತ್ತೇನೆ. ಮಾನವ ಸಂಪನ್ಮೂಲದ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ಓದಲಿ ಎಂದು ಆಸೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದರಿಂದ ಅವರಿಗೆ ಏನೂ ಉಪಯೋಗವಿಲ್ಲ. ನಾನು ಎಲ್ಲಿ ಎಡವಿದೆ ಎಂಬುದರಿಂದ ಆಗಬಹುದು.

ನಮ್ಮ ಸಂಸ್ಥೆಯ ಮುಖ್ಯ ಕಚೇರಿ ಯುರೋಪಿನಲ್ಲಿತ್ತು. ಹಲವು ದೇಶಗಳಲ್ಲಿ ಹಳ್ಳಿಗರ ಆರೋಗ್ಯದ ಕೆಲಸ ಮಾಡುತ್ತಿತ್ತು. ನಮ್ಮ ಪಾಲಿಗೆ ಬಂದದ್ದು ನಂಜನಗೂಡು ಮತ್ತು ತಿ. ನರಸೀಪುರ, ಎರಡು ತಾಲ್ಲೂಕು. ಕೆಲಸದ ಬೆನ್ನೆಲುಬು ಎಂದರೆ ಹದಿನಾಲ್ಕು ಆರೋಗ್ಯ ಕಾರ್ಯಕರ್ತೆಯರು. ಎಲ್ಲರೂ ಆಯಾ ಊರಿನ ಹೆಂಗಸರೇ. ಮನೆಮನೆಗೆ ಹೋಗಿ ಮಕ್ಕಳ ತೂಕ ನೋಡುವುದು, ಬಸುರಿಯರನ್ನು ವಿಚಾರಿಸುವುದು, ಬೇಕಾದಾಗ ಆಸ್ಪತ್ರೆಗೆ ಕರೆದೊಯ್ಯುವುದು ಅವರ ಕೆಲಸ. ಅವರನ್ನು ಆರಿಸುವುದು, ನಿಯಮ ಮಾಡುವುದು, ಕೆಲಸ ಅಳೆಯುವುದು ನನ್ನದು.

ಅದಕ್ಕೂ ಮೊದಲು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಸಿಬ್ಬಂದಿ ವಿಭಾಗದ ಪರ್ಸೊನೆಲ್ ಆಫೀಸರ್ ಆಗಿದ್ದೆ. ಹಾಜರಿ ಪುಸ್ತಕ, ರಜೆ ಚೀಟಿ, ಚಾರ್ಜ್‌ಶೀಟ್, ಎನ್‌ಕ್ವೈರಿ. ಒಬ್ಬ ಕಾರ್ಮಿಕನನ್ನು ತೆಗೆಯಬೇಕಾದರೆ ಅವನ ಮೇಲಿನ ದೂರು ಏನೆಂದು ತಿಳಿಸಬೇಕು, ದೂರಿದವರನ್ನು ಅವನ ಎದುರಿಗೇ ಕೇಳಬೇಕು, ಕೊನೆಗೆ ಅವನ ಉತ್ತರ ಪಡೆಯಬೇಕು. ಸಂಸ್ಥೆಗೆ ಸೇರಿದಾಗ ಅಲ್ಲಿ ಸೇವಾ ನಿಯಮಗಳೇ ಇರಲಿಲ್ಲ. ಕಾರ್ಖಾನೆಯದನ್ನೇ ಅಲ್ಲಿ ಇಲ್ಲಿ ತಿದ್ದಿ ಬರೆದುಕೊಟ್ಟೆ. ನಮ್ಮ ನಿರ್ದೇಶಕರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಅವರು ಪುಟ ತಿರುಗಿಸದೆ ಸಹಿ ಹಾಕಿ, "ನೀನು ಬರೆದಿದೀಯಲ್ಲಯ್ಯ, ಸರಿಯಾಗೇ ಇರುತ್ತೆ ಬಿಡು" ಎಂದರು.

ಸರಿಯಾಗಿರಲಿಲ್ಲ. ಕಾರ್ಖಾನೆಯ ಗೇಟಿನಂತೆ ಇಲ್ಲೂ ಒಂಬತ್ತು ಗಂಟೆಗೆ ಸಹಿ ಹಾಕಬೇಕೆಂದು ನಿಯಮ ಮಾಡಿದ್ದೆ. ಪಾಪ, ಕಾರ್ಯಕರ್ತೆಯರು ಬೆಳಿಗ್ಗೆ ಬಸ್ಸು ಹತ್ತಿ ನಂಜನಗೂಡಿನ ಕಚೇರಿಗೆ ಬಂದು, ಸಹಿ ಹಾಕಿ, ಮತ್ತೆ ಬಸ್ಸು ಕಾದು ಊರು ಸೇರುವ ಹೊತ್ತಿಗೆ ಹನ್ನೊಂದೂವರೆ. ಆ ಹೊತ್ತಿಗೆ ತಾಯಂದಿರೆಲ್ಲ ಹೊಲಕ್ಕೆ ಹೋಗಿರುತ್ತಿದ್ದರು. ಎರಡು ತಿಂಗಳು ಹಾಜರಿ ಪುಸ್ತಕ ತುಂಬಿತ್ತು, ತೂಕದ ಪುಸ್ತಕ ಖಾಲಿಯಿತ್ತು. ನಮ್ಮ ಜೀಪಿನ ಡ್ರೈವರ್ ನಂಜುಂಡಸ್ವಾಮಿ ಒಂದು ದಿನ ಸ್ಟೇರಿಂಗ್ ಹಿಡಿದುಕೊಂಡೇ ಹೇಳಿದ: "ಸಾ, ನೀವು ಹೆಂಗಸ್ರ ಸಯ್ಯಿ ತೂಕ ಮಾಡ್ತಾ ಇದೀರ. ಮಕ್ಳುದು ಯಾವಾಗ?" ಮರುದಿನವೇ ಆ ನಿಯಮ ತೆಗೆದೆ. ಅಷ್ಟಕ್ಕೇ ನನಗೆ ಬುದ್ಧಿ ಬಂದಿರಬೇಕಿತ್ತು.

ಮಹದೇವಮ್ಮನನ್ನು ಆರಿಸಿದ್ದೂ ನಾನಲ್ಲ. ಇದನ್ನು ಒಪ್ಪಿಕೊಳ್ಳಬೇಕು. ಸಂದರ್ಶನಕ್ಕೆ ಬಂದಾಗ ಆಕೆಗೆ ಮೂವತ್ತರ ಆಸುಪಾಸು. ಏಳನೆಯ ತರಗತಿ ಓದಿದ್ದಳು. ನೀವು ಈ ಕೆಲಸಕ್ಕೆ ಯಾಕೆ ಸರಿ ಎಂದು ಕೇಳಿದೆ. ಸೆರಗು ಸರಿಮಾಡಿಕೊಂಡು, "ನಂಗೇನು ಬರಲ್ಲ ಸಾ. ಆಚೆ ಕುಂತದಲ್ಲ ಆ ಉಡುಗಿ, ಅದು ಚೆಂದಾಗಿ ಓದ್ಕಂಡದೆ. ಅದ್ನೇ ತಕ್ಕಳಿ" ಎಂದಳು. ನನ್ನ ಹಾಳೆಯಲ್ಲಿ "ಆತ್ಮವಿಶ್ವಾಸ ಇಲ್ಲ" ಎಂದು ಬರೆದೆ. ಪಕ್ಕದಲ್ಲಿದ್ದ ನರ್ಸ್ ಮೇಲ್ವಿಚಾರಕಿ ಸಿಸ್ಟರ್ ಸುಶೀಲಾ ನನ್ನ ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿದರು. "ಒಂದು ಗಂಟೆಯಿಂದ ಹೊರಗೆ ಅಳುತ್ತಿದ್ದ ಯಾರದೋ ಮಗುವನ್ನು ಎತ್ತಿಕೊಂಡು ಓಡಾಡುತ್ತಿದ್ದಳು, ನೋಡಲಿಲ್ಲವೆ?" ಎಂದರು. ನಾನು ನೋಡಿರಲಿಲ್ಲ. ನನ್ನ ಕುರ್ಚಿ ಗೋಡೆಯ ಕಡೆ ತಿರುಗಿತ್ತು.

ಇನ್ನು ಆ ಫಾರಂ.

ಮುಖ್ಯ ಕಚೇರಿಯಿಂದ ಹೊಸ ಪದ್ಧತಿ ಬಂತು. ಎಲ್ಲ ದೇಶಗಳ ಎಲ್ಲ ಕೆಲಸಗಾರರೂ ವರ್ಷಕ್ಕೊಮ್ಮೆ ತಮ್ಮ ಕೆಲಸಕ್ಕೆ ತಾವೇ ಅಂಕ ಕೊಟ್ಟುಕೊಳ್ಳಬೇಕು. ಒಂದು ಎಂದರೆ ತೀರ ಕಳಪೆ, ಐದು ಎಂದರೆ ಅತ್ಯುತ್ತಮ. ಕೊನೆಯಲ್ಲಿ "ಈ ವರ್ಷದ ನಿಮ್ಮ ಸಾಧನೆಗಳೇನು?" ಎಂದು ಒಂದು ಪ್ರಶ್ನೆ. ನನಗೆ ಬಹಳ ಹಿಡಿಸಿತು. ಮೇಲಿನವರು ಅಳೆಯುವುದಕ್ಕಿಂತ ತನ್ನನ್ನು ತಾನೇ ಅಳೆದುಕೊಳ್ಳುವುದು ದೊಡ್ಡದಲ್ಲವೆ ಎಂದುಕೊಂಡೆ. ಎರಡು ದಿನ ಕೂತು ಕನ್ನಡಕ್ಕೆ ತಂದೆ. ಹದಿನಾಲ್ಕು ಜನರನ್ನೂ ಕರೆಸಿ ಕಪ್ಪು ಹಲಗೆಯ ಮೇಲೆ ಬರೆದು ವಿವರಿಸಿದೆ. ಎಲ್ಲರಿಗೂ ಅರ್ಥವಾಗಿತ್ತು. ಈ ಮಾತನ್ನು ಒತ್ತಿ ಹೇಳುತ್ತೇನೆ, ಅರ್ಥವಾಗದೆ ಯಾರೂ ತಪ್ಪು ಮಾಡಲಿಲ್ಲ.

ಮಹದೇವಮ್ಮ ಎಲ್ಲ ಪ್ರಶ್ನೆಗೂ ಒಂದು ಕೊಟ್ಟುಕೊಂಡಳು. ಉಳಿದವರದು ಒಂದು, ಎರಡು, ಮತ್ತೆ ಒಂದು. ನರಸೀಪುರದ ಕಡೆಯ ಒಬ್ಬಳು ಅರ್ಧ ಎಂದು ಬರೆದಿದ್ದಳು. ಸಾಧನೆಗಳ ಜಾಗದಲ್ಲಿ "ಏನೂ ಇಲ್ಲ", "ಮಾದೇಶ್ವರನ ದಯ", "ಸಿಸ್ಟರ್ ಹೇಳಿದಂಗೆ ಮಾಡಿದೆ". ಇಡೀ ಕಚೇರಿಯಲ್ಲಿ ಐದಕ್ಕೆ ಐದು ಕೊಟ್ಟುಕೊಂಡವನು ಡ್ರೈವರ್ ನಂಜುಂಡಸ್ವಾಮಿ ಒಬ್ಬನೇ. ಬಸುರಿಯರ ಆರೈಕೆಯಲ್ಲೂ ತನಗೆ ಐದು ಹಾಕಿಕೊಂಡಿದ್ದ. ಕೇಳಿದರೆ, "ಜೀಪ್ನಲ್ಲಿ ಕರ್ಕಂಡೋಗಾವ್ನು ನಾನಲ್ವಾ ಸಾ?" ಎಂದ.

ನಮ್ಮ ಕಡೆ ತನ್ನನ್ನು ತಾನು ಹೊಗಳಿಕೊಳ್ಳುವವರಿಗೆ ಮರ್ಯಾದೆ ಇಲ್ಲ. ಹೊಗಳಿದರೆ ಕಣ್ಣು ತಾಗುತ್ತದೆ ಎಂಬ ಭಯ ಬೇರೆ. ನನ್ನ ತಾಯಿಯೇ, ಅನ್ನ ಎಷ್ಟು ಚೆನ್ನಾಗಿದ್ದರೂ "ಏನೋ ಬೇಯ್ಸಿದೀನಿ, ಉಂಡುಬಿಡಿ" ಎನ್ನುತ್ತಿದ್ದರು. ಇದೆಲ್ಲ ಗೊತ್ತಿದ್ದೂ, ಆ ಹದಿನಾಲ್ಕು ಹಾಳೆಗಳನ್ನು ನೋಡಿದಾಗ ನನಗೆ ಏನೂ ಹೊಳೆಯಲಿಲ್ಲ. ಕೂಡಿ, ಭಾಗಿಸಿ, ಸರಾಸರಿ ತೆಗೆದು, ಕೊರಿಯರ್ ಮಾಡಿದೆ.

ಆರು ವಾರಕ್ಕೆ ಉತ್ತರ ಬಂತು. ಎರಡಕ್ಕಿಂತ ಕಡಿಮೆ ಅಂಕದವರ ಕರಾರನ್ನು ಮುಂದುವರಿಸಬೇಕಾಗಿಲ್ಲ, ಅವರ ಜಾಗಕ್ಕೆ ಓದಿದವರನ್ನು ತೆಗೆದುಕೊಳ್ಳಿ. ಹದಿನಾಲ್ಕು ಹೆಸರು. ದೊಡ್ಡ ಡಾಕ್ಟರು ಆಗ ರಜೆಯಲ್ಲಿದ್ದರು. ನಾನು ಪತ್ರಗಳನ್ನು ಟೈಪ್ ಮಾಡಿಸಿ ಸಹಿ ಹಾಕಿದೆ. ಆದೇಶ ಎಂದ ಮೇಲೆ ಆದೇಶ, ಎಂದುಕೊಂಡೆ. ಮೊದಲನೆಯದನ್ನು ನಾನೇ ಹೋಗಿ ಮಹದೇವಮ್ಮನಿಗೆ ಕೊಟ್ಟೆ.

ಆಕೆ ಮನೆಯ ಹಿತ್ತಿಲಲ್ಲಿ ನಿಂತು ಓದಿದಳು. ಎರಡು ಸಲ ಓದಿದಳು. ಅಳಲಿಲ್ಲ, ಯಾಕೆಂದು ಕೇಳಲಿಲ್ಲ. "ಆಯ್ತು ಸಾ. ಕೆಳಗ್ಲ ಬೀದಿ ಗೌರಿಗೆ ಏಳು ತಿಂಗ್ಳು. ಕಾಲು ಊತ ಅದೆ. ನಾಳೆಯಿಂದ ಅವಳ್ತಾವ್ಕೆ ಯಾರ್ ಓಯ್ತಾರೆ?" ಎಂದಳು.

ನನಗೆ ಪತ್ರ ಕೊಡುವುದು ಹೇಗೆಂದು ಗೊತ್ತಿತ್ತು, ಗೌರಿಯ ಕಾಲಿನ ಊತಕ್ಕೆ ಯಾರು ಹೋಗುತ್ತಾರೆಂದು ಗೊತ್ತಿರಲಿಲ್ಲ. ಜೀಪಿಗೆ ವಾಪಸ್ಸು ಬಂದು ಕೂತೆ. ಮುಂದಿನ ಊರಿಗೆ ಹೋಗೋಣವೇ ಎಂದು ನಂಜುಂಡಸ್ವಾಮಿ ಕೇಳಿದ. ಬೇಡ, ಕಚೇರಿಗೆ ನಡಿ ಎಂದೆ. ಉಳಿದ ಹದಿಮೂರು ಪತ್ರಗಳು ಚೀಲದಲ್ಲೇ ಉಳಿದವು.

ದೊಡ್ಡ ಡಾಕ್ಟರು ರಜೆ ಮುಗಿಸಿ ಬಂದು ಎಲ್ಲ ಕೇಳಿದರು. ಬೈಯಲಿಲ್ಲ. ಕಪಾಟಿನಿಂದ ನಮ್ಮ ಸೇವಾ ನಿಯಮಗಳ ಕಟ್ಟು ತೆಗೆದು ನನ್ನ ಮುಂದಿಟ್ಟರು.

"ಇದನ್ನ ಬರೆದವರು ಯಾರಯ್ಯ?"

"ನಾನೇ ಸಾರ್."

"ಓದಿದೀಯಾ?"

ಓದಿದೆ. ನಾನೇ ಕಾರ್ಖಾನೆಯಿಂದ ಎತ್ತಿ ಬರೆದಿದ್ದ ನಿಯಮ ಅಲ್ಲೇ ಇತ್ತು. ಯಾರನ್ನೇ ತೆಗೆಯುವ ಮುಂಚೆ, ಅವರಿಂದ ಸೇವೆ ಪಡೆದವರ ದೂರುಗಳನ್ನು ಅವರೆದುರಿಗೇ ಬಹಿರಂಗವಾಗಿ ಕೇಳತಕ್ಕದ್ದು. ಮುಖ್ಯ ಕಚೇರಿಯೂ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಅಂದೇ ಫ್ಯಾಕ್ಸ್ ಕಳಿಸಿದೆವು, ವಿಚಾರಣೆ ನಡೆಸದೆ ಪತ್ರಗಳು ಊರ್ಜಿತವಲ್ಲ ಎಂದು. ಹಾಗಾದರೆ ಮೊದಲ ವಿಚಾರಣೆಯನ್ನು ನಾನೇ ನೋಡುತ್ತೇನೆ ಎಂದು ಮುಖ್ಯ ಕಚೇರಿಯ ಸಿಬ್ಬಂದಿ ವಿಭಾಗದ ನಿರ್ದೇಶಕಿ ಉತ್ತರಿಸಿದರು. ಹೆಸರು ಹೆಲೆನ್. ಹೇಗೂ ಆ ತಿಂಗಳು ಅವರು ಭಾರತಕ್ಕೆ ಬರುವುದಿತ್ತು. ಅವರು ಕೆಟ್ಟವರಲ್ಲ. ತಮ್ಮ ಕೆಲಸ ತಮಗೇ ತೃಪ್ತಿಯಿಲ್ಲ ಎಂದು ಹದಿನಾಲ್ಕು ಹೆಂಗಸರು ಬರೆದುಕೊಟ್ಟಿದ್ದರು, ಅವರು ಅದನ್ನು ನಂಬಿದ್ದರು, ಅಷ್ಟೆ.

ಈಗ ನನ್ನ ಕೆಲಸ, ಮಹದೇವಮ್ಮನ ಪರವಾಗಿ ನಾಲ್ಕು ಮಾತು ಸಂಪಾದಿಸುವುದು ಎಂದುಕೊಂಡೆ. ಆ ಊರಿಗೆ ಮೂರು ದಿನ ಹೋದೆ. ನೋಟ್‌ಬುಕ್ ಹಿಡಿದು ಮನೆಮನೆ ಹತ್ತಿದೆ. ಮಹದೇವಮ್ಮ ಹೇಗೆ ಕೆಲಸ ಮಾಡುತ್ತಾರೆ?

"ಏನೋ ಬತ್ತಳ, ಓಯ್ತಳ."

ಒಳ್ಳೆಯವರಾ?

"ಇದ್ದಳು ಬುಡಿ ಸಾ, ಎಲ್ಲಾರಂಗೆ."

ಮೂರು ದಿನಕ್ಕೆ ಹೊಗಳಿಕೆಯ ಒಂದು ಸಾಲೂ ಸಿಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಸೋತು ಮಹದೇವಮ್ಮನ ಮನೆಯ ಜಗಲಿಯ ಮೇಲೆ ಕೂತೆ. ಆಕೆಯ ಅತ್ತೆ ಚಿಕ್ಕತಾಯಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನನ್ನ ಖಾಲಿ ಪುಸ್ತಕವನ್ನೂ ಮುಖವನ್ನೂ ನೋಡಿದರು.

"ಏನ್ ಸಾ, ಒಬ್ರೂ ಬಾಯ್ ಬುಡ್ನಿಲ್ವಾ?"

"ಇಲ್ಲ ಕಣಮ್ಮ."

"ಒಳ್ಳೇದು ಏಳಿ ಅಂದ್ರೆ ಯಾರ್ ಏಳಾರು? ಕಣ್ಣಾಗದಿಲ್ವ? ಬೈಯಕ್ಕೆ ಕರೀರಿ ಸಾ. ಊರ್ಗ್ ಊರೇ ಬತ್ತದೆ. ಮೊದ್ಲು ನಾನೇ ಬತ್ತೀನಿ."

ಸೊಸೆಯ ಮೇಲೆ ಅತ್ತೆಯ ದೂರು! ಆದರೆ ನಿಯಮದಲ್ಲಿದ್ದದ್ದೂ ಅದೇ. ಮಹದೇವಮ್ಮನ ಮೇಲೆ ದೂರು ಇರುವವರು ಬುಧವಾರ ಬೆಳಿಗ್ಗೆ ಹಾಲಿನ ಡೈರಿಗೆ ಬರಬೇಕೆಂದು ಊರಿನಲ್ಲಿ ಸಾರಿಸಿದೆ. ಅಂದು ಮನೆಗೆ ಹೋದಾಗ ನಾನು ಆಕೆಯನ್ನು ಉಳಿಸುತ್ತಿದ್ದೇನೋ ಮುಳುಗಿಸುತ್ತಿದ್ದೇನೋ ನನಗೇ ತಿಳಿದಿರಲಿಲ್ಲ.

ಬುಧವಾರ ಹತ್ತೂ ಮುಕ್ಕಾಲಿಗೆ ಜಗಲಿಯ ಮೇಲೆ ಎರಡು ಕುರ್ಚಿ, ಒಂದು ಮೇಜು. ಒಂದರಲ್ಲಿ ಹೆಲೆನ್, ಇನ್ನೊಂದರಲ್ಲಿ ದೊಡ್ಡ ಡಾಕ್ಟರು. ಸಿಸ್ಟರ್ ಸುಶೀಲಾ ಹೆಲೆನ್ ಅವರ ಹಿಂದೆ ನಿಂತು, ಒಂದೊಂದು ಮಾತನ್ನೂ ಇಂಗ್ಲಿಷಿನಲ್ಲಿ ಹೇಳಬೇಕು, ಏನೂ ಸೇರಿಸಬಾರದು, ಏನೂ ಬಿಡಬಾರದು. ಅಂಗಳದಲ್ಲಿ ಜನ. ನಾನು ಎಣಿಸಿದಾಗ ಅರವತ್ತೆರಡು, ಆಮೇಲೆ ಇನ್ನೂ ಬಂದರು. ಇಷ್ಟೊಂದು ದೂರುದಾರರನ್ನು ನಾನು ಕಾರ್ಖಾನೆಯಲ್ಲೂ ಕಂಡಿರಲಿಲ್ಲ. ಹೆಲೆನ್ ಜನರನ್ನು ನೋಡಿ, ನನ್ನನ್ನು ನೋಡಿ, ಪೆನ್ನಿನ ಮುಚ್ಚಳ ತೆಗೆದರು.

ಹೇಳಿದಂತೆ ಚಿಕ್ಕತಾಯಮ್ಮನೇ ಮೊದಲು ಎದ್ದರು.

"ಇವ್ಳು ನನ್ ಸೊಸೆ. ಅಟ್ಟೀಲಿ ಒಂದ್ ಗಳ್ಗೆ ನಿಲ್ಲಲ್ಲ. ಇಟ್ಟು ತೊಳಸಾದು ನಾನೇ, ದನ ಕಟ್ಟಾದೂ ನಾನೇ. ನಾನು ಒಂದ್ ಕೋಳಿ ಮಡಗಿವ್ನಿ. ಅದ್ರ ಮೊಟ್ಟೆಯ ನನ್ ಮೊಮ್ಮಗುಂಗೆ ಅಂತ ಎತ್ತಿಟ್ರೆ, ಇವ್ಳು ತಕ್ಕಂಡೋಗಿ ಕೆಳಗ್ಲ ಬೀದಿ ಗೌರಿಗೆ ಬೇಯ್ಸಿ ತಿನ್ಸವಳೆ! ಕೇಳುದ್ರೆ, ಅವಳ್ಗೆ ರಕ್ತ ಇಲ್ಲ ಅಂತಳೆ. ನನ್ ಮೊಟ್ಟೆಗೆ ಲೆಕ್ಕ ಬ್ಯಾಡ್ವಾ?"

ಜನ ನಕ್ಕರು. ಸಿಸ್ಟರ್ ಮುಖ ಬಿಗಿಹಿಡಿದು ಅನುವಾದಿಸಿದರು. ಹೆಲೆನ್ ಬರೆದುಕೊಂಡರು.

ಆಮೇಲೆ ತಡೆಯೇ ಇರಲಿಲ್ಲ. ಒಬ್ಬಾಕೆ ಹೇಳಿದಳು, ತನ್ನ ಮಗುವಿಗೆ ಭೇದಿಯಾದಾಗ ನೀರು ಕುಡಿಸಬಾರದೆಂದು ತನ್ನ ತಾಯಿ ಹೇಳಿದ್ದರೂ, ಈ ಮಾದೇವಕ್ಕ ಉಪ್ಪು ಸಕ್ಕರೆ ನೀರು ಹಿಡಿದುಕೊಂಡು ಬಾಗಿಲಲ್ಲೇ ಕೂತು, ಅಷ್ಟನ್ನೂ ಚಮಚ ಚಮಚ ಕುಡಿಸುವ ತನಕ ಏಳಲಿಲ್ಲ, "ನನ್ ತಾಯಿ ಇವತ್ತಿಗೂ ನನ್ಕೂಟೆ ಮಾತಾಡಲ್ಲ." ಇನ್ನೊಬ್ಬಳ ದೂರು, ಚುಚ್ಚುಮದ್ದಿಗೆ ಹೆದರಿ ಮಗುವನ್ನು ಅಟ್ಟದ ಮೇಲೆ ಬಚ್ಚಿಟ್ಟರೆ ಮಾದೇವಕ್ಕ ಏಣಿ ಹತ್ತಿ ಬಂದಳು ಎಂದು. ಸಾಮಾನು ಅಂಗಡಿಯ ಬಸಪ್ಪನವರು ಎದ್ದು ನಿಂತು, "ನಾನು ಮಕ್ಕಳಿಗೆ ಬಣ್ಣದ ಐಸ್‌ಕ್ಯಾಂಡಿ ಬರ್ಫು ಮಾರ್ತಿದ್ದೆ. ಅದರ ನೀರು ಎಲ್ಲಿಂದ ತರ್ತೀಯ ಅಂತ ಗಿರಾಕಿಗಳ ಎದುರಿಗೇ ಕೇಳಿದ್ಲು ಸ್ವಾಮಿ. ಅವತ್ತಿಂದ ಬರ್ಫು ಹೋಗ್ತಿಲ್ಲ" ಎಂದರು. ಹಿಂದಿನಿಂದ ಯಾರೋ, "ನೀರು ಎಲ್ಲಿಂದ ತರ್ತಿದ್ರಿ ಅದ ಏಳಿ ಬಸಪ್ನೋರೆ!" ಎಂದು ಕೂಗಿದರು. ಬಸಪ್ಪನವರು ಕೂತುಬಿಟ್ಟರು.

ಹೀಗೇ ಒಂದು ಗಂಟೆ ಕಳೆದಿರಬೇಕು, ಸಿದ್ದರಾಜು ಎದ್ದ. ಎರಡು ಎಕರೆ ಕಬ್ಬು ಬೆಳೆಯುವವನು, ಮೂವತ್ತರೊಳಗಿನ ವಯಸ್ಸು. ಅವನಿಗೆ ನಿಜವಾಗಿಯೂ ಸಿಟ್ಟಿತ್ತು. ಅವನ ದನಿಯಲ್ಲಿ ನಾನು ಅದನ್ನು ಕೇಳಿದೆ.

"ಸಾ, ನಂದು ಮರ್ವಾದೆ ವಿಚಾರ. ಕಬ್ಬು ಕಡಿಯಾ ದಿನ. ಎಷ್ಟೋ ದಿನ ಕಾದು ಲಾರಿ ಬಂದದೆ. ಅರ್ಧ ತುಂಬಿವಿ. ಅಷ್ಟೊತ್ಗೆ ಇವ್ಳು ಗದ್ದೆ ಬಯ್ಲಲ್ಲಿ ಓಡ್ಬಂದ್ಲು. ನಿನ್ ಎಡ್ತಿಗೆ ನೋವು ಬಂದದೆ, ಕೂಸು ಅಡ್ಡ ಅದೆ, ಈಗ್ಲೇ ಓಗ್ಬೇಕು ಅಂದ್ಲು. ಇರು ಲೋಡ್ ಮುಗೀಲಿ ಅಂದೆ. ಸಾ, ಇವ್ಳು ಲಾರಿ ಮುಂದ್ಕೋಗಿ ನೆಲ್ದ ಮೇಲೆ ಕುಂತ್ಬುಟ್ಲು! ನನ್ ಮೇಲೆ ಅತ್ತುಸ್ಕಂಡು ಓಗು ಅಂದ್ಲು ಡ್ರೈವರ್ಗೆ. ಆಳುಗಳೆಲ್ಲ ನೋಡ್ತಾವ್ರೆ. ನನ್ ಎಡ್ತಿಯ ಲಾರಿ ಮುಂದ್ಗಡೆ ಕುಂಡ್ರುಸ್ಕಂಡು, ಅರ್ಧ ಕಬ್ಬು ಏರ್ಕಂಡು, ನಂಜನಗೂಡ್ ಆಸ್ಪತ್ರೆಗೆ ಓಡುಸ್ಕಂಡೋದ್ಲು. ಇವತ್ತೂ ಊರೋರು ನನ್ನ ಕಂಡ್ರೆ, ಏನ್ಲಾ ಸಿದ್ದ, ಲಾರಿ ಯಾವಾಗ್ಲಾ ಅಂತರೆ."

ಹೆಲೆನ್ ತಲೆಯೆತ್ತಿದರು. ಅಂದು ಅವರು ಕೇಳಿದ ಮೊದಲ ಪ್ರಶ್ನೆ ಅದು. ಆಸ್ಪತ್ರೆಯಲ್ಲಿ ಏನಾಯಿತು?

ಸಿದ್ದರಾಜು ಹಿಂದಕ್ಕೆ ಕೈ ತೋರಿಸಿ ಕೂತ. ಹೆಂಗಸರ ನಡುವೆ ಕೂತಿದ್ದ ಅವನ ಹೆಂಡತಿ ರತ್ನಮ್ಮ ಎದ್ದಳು. ಸೊಂಟದ ಮೇಲೆ ಎಂಟು ತಿಂಗಳ ಹೆಣ್ಣು ಮಗು. ಅದನ್ನು ಎರಡೂ ಕೈಯಲ್ಲಿ ಸ್ವಲ್ಪ ಮೇಲೆತ್ತಿ ಹಿಡಿದಳು.

"ಇದಾಯ್ತು" ಎಂದಳು. ಆಮೇಲೆ, "ಇನ್ನರ್ಧ ಗಂಟೆ ಬುಟ್ಟಿದ್ರೆ ಇಬ್ರೂ ಇರ್ತಿರ್ನಿಲ್ಲ ಅಂದ್ರು ಡಾಕ್ಟ್ರಮ್ಮ."

ಸಿಸ್ಟರ್ ಸುಶೀಲಾ ಇದನ್ನೂ ಪದಕ್ಕೆ ಪದ ಅನುವಾದಿಸಿದರು. ಹೆಲೆನ್ ಬರೆಯುವುದನ್ನು ನಿಲ್ಲಿಸಿದ್ದರು.

ವಿಚಾರಣೆಯ ಕ್ರಮದಂತೆ ನಾನೀಗ ಎರಡು ಪ್ರಶ್ನೆ ಕೇಳಲೇಬೇಕಿತ್ತು. ಮೊದಲನೆಯದು ಮಹದೇವಮ್ಮನಿಗೆ. ಈ ದೂರುಗಳನ್ನು ಒಪ್ಪುತ್ತೀರಾ?

ಆಕೆ ಮೆಟ್ಟಿಲಿಂದ ಎದ್ದು ನಿಂತಳು. ಪತ್ರ ಇನ್ನೂ ಕೈಯಲ್ಲೇ ಇತ್ತು. "ಎಲ್ಲ ನಿಜಾನೇ ಸಾ. ಒಂದ್ ಬುಟ್ಟು" ಎಂದಳು.

ಯಾವುದು?

"ನಮ್ಮತ್ತೆ ಏಳಿದ್ದು. ಮೊಟ್ಟೆ ಒಂದಲ್ಲ ಸಾ, ದಿನಾ ಎರಡು. ಇನ್ನೊಂದು ಪಕ್ಕದ್ ಅಟ್ಟಿದು."

ಅಂಗಳದಲ್ಲಿ ಎದ್ದ ನಗು ತಗ್ಗಲು ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ. ಪಕ್ಕದ ಮನೆಯಾಕೆ, "ಅಯ್ಯೋ ಮುಂಡೇದೇ, ನೀನಾ ಅದು! ನಾನು ಕೇರೆಹಾವು ಅಂದ್ಕಂಡಿದ್ದೆ!" ಎಂದು ಕೂಗಿದ್ದು ಮಾತ್ರ ಸ್ಪಷ್ಟವಾಗಿ ಕೇಳಿತು.

ಎರಡನೆಯ ಪ್ರಶ್ನೆ ದೂರುದಾರರಿಗೆ. ಗಟ್ಟಿಯಾಗಿ ಕೇಳಿದೆ: "ಹಾಗಾದರೆ ಮಹದೇವಮ್ಮನವರನ್ನು ಈ ಕೆಲಸದಿಂದ ತೆಗೆಯೋಣವೆ?"

ಮೊದಲು ಎದ್ದವನು ಸಿದ್ದರಾಜು.

"ತೆಗೀರಿ ಅಂತ ಯಾರ್ ಸಾ ಏಳುದ್ರು?" ಅವನ ಸಿಟ್ಟು ಈಗ ನನ್ನ ಮೇಲೆ ತಿರುಗಿತ್ತು. "ದೂರು ಏಳಿ ಅಂದ್ರಿ, ಏಳುದ್ವಿ. ಅವಳ್ನ ತೆಗುದ್ರೆ ನಾನು ನಿಮ್ ಮೇಲೆ ದೂರ್ ಕೊಡ್ತೀನಿ!"

"ಅಲ್ವಾ ಮತ್ತೆ!" ಎಂದರು ಚಿಕ್ಕತಾಯಮ್ಮ. "ಅವಳ್ನ ತೆಗುದ್ಬುಟ್ರೆ ನಾವ್ ಯಾರ್ನ ಬೈಯವ ಸಾ?"

ಆಮೇಲೆ ಅರವತ್ತು ಎಪ್ಪತ್ತು ಜನವೂ ಒಟ್ಟಿಗೆ ಮಾತಾಡಿದರು. ಎಲ್ಲರೂ ನನ್ನನ್ನೇ ಬೈಯುತ್ತಿದ್ದರು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಸಂತೋಷದಿಂದ ಬೈಸಿಕೊಂಡದ್ದು ಬೇರೆ ಇಲ್ಲ. ಸಿಸ್ಟರ್ ಅನುವಾದ ಕೈಬಿಟ್ಟಿದ್ದರು, ಅದರ ಅಗತ್ಯವೂ ಇರಲಿಲ್ಲ.

ಹೆಲೆನ್ ಮಹದೇವಮ್ಮನ ಫಾರಂ ಕೇಳಿ ತೆಗೆದುಕೊಂಡರು. ಬಸುರಿಯರ ಆರೈಕೆ ಎಂಬ ಸಾಲಿನ ಮೇಲೆ ಬೆರಳಿಟ್ಟು, ಇಲ್ಲಿ ನಿಮಗೆ ನೀವೇ ಯಾಕೆ ಒಂದು ಕೊಟ್ಟುಕೊಂಡಿರಿ ಎಂದು ಕೇಳಿದರು.

ಮಹದೇವಮ್ಮ ರತ್ನಮ್ಮನ ಮಗುವಿನ ಕಡೆ ನೋಡಿದಳು. "ಕೂಸು ಅಡ್ಡ ಅದೆ ಅಂತ ನಂಗೆ ಒಂದ್ ವಾರ ಮುಂಚೇನೆ ತಿಳೀಬೇಕಿತ್ತು. ತಿಳೀನಿಲ್ಲ. ಅವತ್ತು ಲಾರಿ ಬರ್ದೇ ಓಗಿದ್ರೆ?"

ಸಿಸ್ಟರ್ ಅದನ್ನು ಹೇಳಿದರು. ಹೆಲೆನ್ ಫಾರಂ ಅನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ದೊಡ್ಡ ಡಾಕ್ಟರ ಕಡೆ ತಿರುಗಿ, "ನಾವು ತಪ್ಪು ಪ್ರಶ್ನೆ ಕೇಳಿದೆವು" ಎಂದರು. ನನ್ನ ಕಡೆ ಕೈ ಚಾಚಿ ಪತ್ರಗಳನ್ನು ಕೇಳಿದರು. ಹದಿಮೂರನ್ನು ನಾನು ಕೊಟ್ಟೆ, ಹದಿನಾಲ್ಕನೆಯದನ್ನು ಮಹದೇವಮ್ಮ ತಂದಿಟ್ಟಳು. ಹೆಲೆನ್ ಒಂದೊಂದರ ಮೇಲೂ ಅಡ್ಡಗೆರೆ ಎಳೆದು, ಸಹಿ ಮಾಡಿ, ನನಗೇ ವಾಪಸ್ಸು ಕೊಟ್ಟರು. ಹಿಂದಿನ ಪುಟ ಖಾಲಿ ಇದೆ, ಉಳಿದ ಊರುಗಳ ದೂರುಗಳನ್ನು ಅಲ್ಲೇ ಬರೆದುಕೊಳ್ಳಿ ಎಂದರು.

ಹಾಗೆಯೇ ಮಾಡಿದೆ. ಎರಡು ತಿಂಗಳಲ್ಲಿ ಹದಿಮೂರು ಊರು. ಪ್ರತಿಯೊಬ್ಬಳನ್ನು ತೆಗೆಯುವ ಪತ್ರದ ಬೆನ್ನ ಮೇಲೆ ಅವಳ ಊರಿನ ಬೈಗುಳ. ಹನ್ನೆರಡು ಊರುಗಳಲ್ಲಿ ಹಾಳೆ ಸಾಲದೆ ಬೇರೆ ಹಾಳೆ ಅಂಟಿಸಬೇಕಾಯಿತು.

ಹದಿಮೂರನೆಯದು ನರಸೀಪುರ ತಾಲ್ಲೂಕಿನ ಒಂದು ಊರು, ಸೋಮನಾಥಪುರದ ಆಚೆ. ಹೆಸರು ಬೇಡ. ಅಲ್ಲಿ ಒಬ್ಬರೂ ದೂರಲಿಲ್ಲ. "ಬಾಳ ಒಳ್ಳೇ ಎಣ್ಮಗ ಸಾ. ಯಾರ್ಗೂ ಒಂದ್ ತೊಂದ್ರೆ ಕೊಟ್ಟೋಳಲ್ಲ" ಎಂದರು. ಹಳೆಯ ನಾನಾಗಿದ್ದರೆ ಅವಳಿಗೆ ಐದು ಅಂಕ ಕೊಟ್ಟು ಬರುತ್ತಿದ್ದೆ. ಜೀಪಿನಲ್ಲಿ ನಂಜುಂಡಸ್ವಾಮಿ, "ಸಾ, ಅಟ್ಟಿ ಬುಟ್ಟು ಆಚೀಗೆ ಬಂದಿದ್ರೆ ತಾನೆ ಬೈಸ್ಕಳಕ್ಕೆ?" ಎಂದ. ಮರುದಿನ ಸಿಸ್ಟರ್ ಹೋಗಿ ಕೇಳಿದರು. ಅವರು ಹೇಳಿದ್ದನ್ನೇ ಬರೆಯುತ್ತೇನೆ: ಹೊಸದಾಗಿ ಮದುವೆಯಾಗಿದ್ದ ಆ ಹುಡುಗಿಯನ್ನು ಗಂಡನ ಮನೆಯವರು ಬೀದಿಗೆ ಬಿಡುತ್ತಿರಲಿಲ್ಲ, ಪುಸ್ತಕವನ್ನು ಮನೆಯಲ್ಲೇ ಕೂತು ತುಂಬುತ್ತಿದ್ದಳು. ಅವಳನ್ನು ತೆಗೆಯಲಿಲ್ಲ. ದೊಡ್ಡ ಡಾಕ್ಟರು ಹೋಗಿ ಅತ್ತೆ ಮಾವನ ಮುಂದೆ ಕೂತು ಕಾಫಿ ಕುಡಿದು ಬಂದರು. ಮುಂದಿನ ವರ್ಷ ಆ ಊರಿನಿಂದ ಒಂಬತ್ತು ದೂರು ಬಂದವು. ಅಂದು ಕಚೇರಿಯಲ್ಲಿ ಮೈಸೂರುಪಾಕು ಹಂಚಿದೆವು.

ಸ್ವಂತ ಅಂಕದ ಫಾರಂ ನಮ್ಮಲ್ಲಿ ನಿಂತುಹೋಯಿತು. ಅದರ ಜಾಗಕ್ಕೆ ವರ್ಷಕ್ಕೊಮ್ಮೆ ಪ್ರತಿ ಊರಿನಲ್ಲೂ ದೂರಿನ ಸಭೆ. ಹೆಲೆನ್ ಆ ಪದ್ಧತಿಯನ್ನು ಬರೆಸಿಕೊಂಡು ಬೇರೆ ಎರಡು ದೇಶಗಳಿಗೂ ಕಳಿಸಿದರು. ನಾನು ನಿವೃತ್ತನಾಗುವ ತನಕ, ಎರಡು ಸಾವಿರದ ನಂತರದ ದಶಕದಲ್ಲೂ ಅದು ನಡೆಯಿತು. ನಿಜವಾದ ತಪ್ಪುಗಳೂ ಅಲ್ಲೇ ಹೊರಬಂದವು, ಏಕೆಂದರೆ ಜನ ಬೈಯುವಾಗ ಸುಳ್ಳು ಹೇಳಲು ಹೋಗುವುದಿಲ್ಲ, ಎದುರಿಗೇ ನಿಂತವಳು ತಿದ್ದುತ್ತಾಳೆ. ಗೌರಿಗೆ ಗಂಡು ಮಗುವಾಯಿತು, ಕಾಲಿನ ಊತ ಇಳಿಯಿತು. ಇದನ್ನು ನಾನೇ ಹೋಗಿ ನೋಡಿದೆ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಸಹಿ ಹಾಕುವ ಮುಂಚೆ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಳ್ಳಿ. ನನ್ನ ಸಹಿಯಿದ್ದ ಆ ಹದಿನಾಲ್ಕು ಪತ್ರಗಳು ಊರ್ಜಿತವಾಗಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕಲು ಇಂದಿಗೂ ನನಗೆ ಧೈರ್ಯವಿಲ್ಲ.

ಆ ಬುಧವಾರ ಜಗಲಿಯ ಮೇಲೂ ಅಂಗಳದಲ್ಲೂ ಇದ್ದವರಲ್ಲಿ ದೊಡ್ಡ ಡಾಕ್ಟರು ಈಗಿಲ್ಲ, ಚಿಕ್ಕತಾಯಮ್ಮ ಇಲ್ಲ, ಬಸಪ್ಪನವರೂ ಇಲ್ಲ. ಹೆಲೆನ್ ಎಲ್ಲಿದ್ದಾರೋ ನನಗೆ ತಿಳಿಯದು. ಸಿಸ್ಟರ್ ಸುಶೀಲಾ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ, ನೆನಪು ಚುರುಕು. ನಂಜುಂಡಸ್ವಾಮಿ ನಂಜನಗೂಡಿನಲ್ಲಿ ಸ್ವಂತ ಆಟೋ ಇಟ್ಟಿದ್ದಾನೆ. ಸಿದ್ದರಾಜು ಮತ್ತು ರತ್ನಮ್ಮ ಅದೇ ಊರಿನಲ್ಲಿದ್ದಾರೆ. ಮಹದೇವಮ್ಮನೂ ಅಲ್ಲೇ ಇದ್ದಾಳೆ, ಕೆಲಸ ಬಿಟ್ಟು ವರ್ಷಗಳಾದವು, ಮನೆಮನೆ ಹೋಗುವುದನ್ನು ಬಿಟ್ಟಿಲ್ಲ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಇವರನ್ನು ಕೇಳಬಹುದು.

ಇನ್ನೊಬ್ಬಳಿದ್ದಳು. ಅಮ್ಮನ ಕೈಗಳಲ್ಲಿ ಎಲ್ಲರಿಗಿಂತ ಎತ್ತರದಲ್ಲಿದ್ದಳು, ಆದ್ದರಿಂದ ಎಲ್ಲರಿಗಿಂತ ಚೆನ್ನಾಗಿ ನೋಡಿರಬೇಕು. ಹೆಸರು ಪವಿತ್ರ. ಅವಳಿಗೆ ನೆನಪಿರಲಾರದು. ಬದುಕಿದ್ದಾಳೆ.